ಮಕ್ಕಳ ಕಿವಿನೋವು: ಆ್ಯಂಟಿಬಯೋಟಿಕ್ ಎಷ್ಟು, ಎಷ್ಟು ದಿನ?

ಶೀತವಾದ ಮೂರ್ನಾಲ್ಕು ದಿನಕ್ಕೆ ಮಗು ರಾತ್ರಿಯಿಡೀ ಕಿವಿ ಹಿಡಿದು ಅತ್ತರೆ, ಕಿವಿ ತಮಟೆಯ ಹಿಂದೆ ಕೀವು ತುಂಬಿರಬಹುದು. ಓಟೋಸ್ಕೋಪ್ (ಕಿವಿಯೊಳಗೆ ನೋಡುವ ದೀಪದ ಉಪಕರಣ) ಇಟ್ಟು ನೋಡದೆ ಔಷಧ ಬರೆಯಬಾರದು. ತಮಟೆ ಉಬ್ಬಿರಬೇಕು, ಬರೀ ಕೆಂಪಾಗಿದ್ದರೆ ಸಾಲದು, ಅಳುವ ಮಗುವಿನ ತಮಟೆ ಹೇಗೂ ಕೆಂಪಾಗುತ್ತದೆ.

2 ವರ್ಷ ದಾಟಿದೆ, ಜ್ವರ 102 ಡಿಗ್ರಿಯೊಳಗಿದೆ, ನೋವು ಅಷ್ಟಾಗಿಲ್ಲ, ಕಿವಿ ಸೋರುತ್ತಿಲ್ಲ ಎಂದರೆ ಪ್ಯಾರಸಿಟಮಾಲ್ (ಕೆಜಿಗೆ 15 ಮಿಗ್ರಾಂ, 6 ಗಂಟೆಗೊಮ್ಮೆ) ಕೊಟ್ಟು 48ರಿಂದ 72 ಗಂಟೆ ಕಾಯಬಹುದು. 6 ತಿಂಗಳೊಳಗಿನ ಕೂಸಿಗೆ, ಎರಡೂ ಕಿವಿಗೆ ಸೋಂಕಾಗಿರುವ 2 ವರ್ಷದೊಳಗಿನ ಮಗುವಿಗೆ ಕಾಯುವಂತಿಲ್ಲ.

ಮೊದಲ ಔಷಧ ಅಮಾಕ್ಸಿಸಿಲಿನ್. ದಿನಕ್ಕೆ ಕೆಜಿಗೆ 80–90 ಮಿಗ್ರಾಂ, ಎರಡು ಹೊತ್ತಿಗೆ ಹಂಚಿ. ಇಷ್ಟು ಕೊಟ್ಟರೇ ಔಷಧಕ್ಕೆ ಅರೆಬರೆ ಪ್ರತಿರೋಧ ಬೆಳೆಸಿಕೊಂಡ ನ್ಯೂಮೊಕಾಕಸ್ (ಕಿವಿ ಸೋಂಕು ತರುವ ಬ್ಯಾಕ್ಟೀರಿಯಾ) ಸಾಯುವಷ್ಟು ಔಷಧ ಮಧ್ಯಕಿವಿಗೆ ತಲುಪುವುದು. ಲೆಕ್ಕ ತಪ್ಪುವುದು ಇಲ್ಲಿಯೇ. 10 ಕೆಜಿ ಮಗುವಿಗೆ ದಿನಕ್ಕೆ 800 ಮಿಗ್ರಾಂ. 5 ಮಿಲೀಗೆ 250 ಮಿಗ್ರಾಂ ಇರುವ ಸಿರಪ್ಪಾದರೆ ಹೊತ್ತಿಗೆ 8 ಮಿಲೀ. 30 ಮಿಲೀ ಬಾಟಲಿ ಎರಡು ದಿನಕ್ಕೂ ಬರುವುದಿಲ್ಲ. 2 ವರ್ಷದೊಳಗೆ 10 ದಿನ ಕೊಡಬೇಕು, ಅಂದರೆ 160 ಮಿಲೀ, ಆರು ಬಾಟಲಿ. ಇದನ್ನು ಚೀಟಿಯಲ್ಲೇ ಬರೆಯದಿದ್ದರೆ, ಒಂದು ಬಾಟಲಿ ಮುಗಿದೊಡನೆ ಕೋರ್ಸ್ ಮುಗಿಯಿತೆಂದು ತಾಯಿ ಭಾವಿಸುವುದು ಸಹಜ. 2ರಿಂದ 5 ವರ್ಷಕ್ಕೆ 7 ದಿನ, ಮೇಲ್ಪಟ್ಟವರಿಗೆ 5–7 ದಿನ ಸಾಕು. ಸಿರಪ್ ಬಾಟಲಿಯಲ್ಲಿರುವ ಪುಡಿಗೆ ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆವರೆಗೆ ಹಾಕಿ. ಎಲ್ಲ ಬಾಟಲಿಯನ್ನೂ ಒಮ್ಮೆಗೇ ಕಲಸಿಡಬೇಡಿ, ಕಲಸಿದ ಔಷಧ ಬಹಳ ದಿನ ಉಳಿಯದು. ಅಳೆಯಲು ಚಮಚ ಬೇಡ, ಸಿರಿಂಜ್ ಬಳಸಿ.

ಕಳೆದ 30 ದಿನದಲ್ಲಿ ಅಮಾಕ್ಸಿಸಿಲಿನ್ ಕೊಟ್ಟಿದ್ದರೆ, ಅಥವಾ ಕಣ್ಣಲ್ಲೂ ಪಿಚ್ಚು ಬರುತ್ತಿದ್ದರೆ, ಕ್ಲಾವುಲನೇಟ್ (ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನನ್ನು ಒಡೆಯದಂತೆ ತಡೆಯುವ ಔಷಧ) ಸೇರಿದ ಅಮಾಕ್ಸಿಸಿಲಿನ್ ಕೊಡುತ್ತೇವೆ. ಕ್ಲಾವುಲನೇಟ್ ಹೆಚ್ಚಾದರೆ ಭೇದಿ; ಹಾಗಾಗಿ ಅದರ ಪಾಲು ಕಡಿಮೆಯಿರುವ ಸಿರಪ್ಪನ್ನೇ ಆರಿಸಬೇಕು. ಮೂರೇ ದಿನ ಕೊಡುವ ಇನ್ನೊಂದು ಆ್ಯಂಟಿಬಯೋಟಿಕ್ ಅಜಿಥ್ರೊಮೈಸಿನ್ ಅನುಕೂಲವೆನಿಸಿದರೂ ಈ ಸೋಂಕಿಗೆ ದುರ್ಬಲ. ಪೆನಿಸಿಲಿನ್ (ಅಮಾಕ್ಸಿಸಿಲಿನ್ ಕೂಡ ಇದೇ ಗುಂಪಿನದು) ನಿಜಕ್ಕೂ ಒಗ್ಗದವರಿಗಷ್ಟೇ ಅದನ್ನು ಮೀಸಲಿಡಬೇಕು.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ದಯವಿಟ್ಟು ಕಿವಿಗೆ ಹಾಕಬೇಡಿ. ತಮಟೆ ತೂತಾಗಿದ್ದರೆ ಅದು ನೇರ ಒಳಗಿಳಿಯುತ್ತದೆ.

ಔಷಧ ಶುರುಮಾಡಿ 72 ಗಂಟೆಯಾದರೂ ಜ್ವರ ಇಳಿಯದಿದ್ದರೆ ಮತ್ತೆ ತೋರಿಸಿ. ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಚಾಚಿಕೊಂಡರೆ ಅಂದೇ ಆಸ್ಪತ್ರೆಗೆ ಬನ್ನಿ. ನೋವು ಹೋದ ಮೇಲೂ ಕೆಲವು ವಾರ ತಮಟೆಯ ಹಿಂದೆ ನೀರು ನಿಂತು ಕೇಳಿಸುವುದು ಮಂದವಾಗಬಹುದು. ಅದಕ್ಕೆ ಆ್ಯಂಟಿಬಯೋಟಿಕ್ ಬೇಡ. 3 ತಿಂಗಳಾದರೂ ಉಳಿದರೆ ಶ್ರವಣ ಪರೀಕ್ಷೆ ಮಾಡಿಸಿ.