ಕಾಸರಗೋಡಿನ ಅತ್ತೆಗೆ ಮಲಯಾಳಂ ಪುಟ

"ಸಾರ್, ಐಪಿ ನೋಡಿ ಭಾಷೆ ಹಾಕ್ಬಿಡಿ, ಮುಗೀತು." ವೆಬ್‌ಸೈಟ್ ಮಾಡಿಸಲು ಬರುವವರು ಎರಡನೇ ಭೇಟಿಯಲ್ಲಿ ಈ ಮಾತು ಆಡಿಯೇ ಆಡುತ್ತಾರೆ. ಐಪಿ ಎಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಸಂಪರ್ಕಕ್ಕೆ ಸಿಗುವ ವಿಳಾಸದ ನಂಬರು. ಕೇರಳದವರಿಗೆ ಮಲಯಾಳಂ, ತಮಿಳುನಾಡಿನವರಿಗೆ ತಮಿಳು. ಕೇಳೋಕೇನೋ ಚೆನ್ನಾಗಿದೆ.

ಸೀರೆ ವ್ಯಾಪಾರಿಯೊಬ್ಬರು ಹಟ ಹಿಡಿದು ಹಾಗೇ ಮಾಡಿಸಿಕೊಂಡರು. ವಾರ ಕಳೆಯುವಷ್ಟರಲ್ಲಿ ಫೋನು. ಕಾಸರಗೋಡಿನಲ್ಲಿರುವ ಅವರ ಸೋದರತ್ತೆ ಸೈಟು ತೆರೆದರೆ ಪುಟವೆಲ್ಲ ಮಲಯಾಳಂ! ಅಲ್ಲೇ ಕನ್ನಡ ಶಾಲೆಯಲ್ಲಿ ಓದಿದ ಹೆಂಗಸು. "ನಿನ್ನ ಅಂಗಡಿಗೆ ನಾನು ಹೊರಗಿನವಳಾದೆನೇನೋ?" ಅಂದರಂತೆ. ಕನ್ನಡಕ್ಕೆ ಮರಳಲು ಬಟನ್ನೂ ಇರಲಿಲ್ಲ. ಅದು ಬೇಡ ಅಂದವರೂ ಈ ವ್ಯಾಪಾರಿಯೇ.

ಐಪಿ ಹೇಳುವುದು ನೆಟ್‌ವರ್ಕ್ ಎಲ್ಲಿಯದು ಎಂದು. ಫೋನು ಹಿಡಿದವರು ಮನೆಯಲ್ಲಿ ಏನು ಮಾತಾಡುತ್ತಾರೆ ಎಂದಲ್ಲ. ದೇಶದ ಮಟ್ಟಿಗೆ ಸಾಮಾನ್ಯವಾಗಿ ಸರಿ ಇರುತ್ತದೆ, ಊರಿನ ಮಟ್ಟಿಗೆ ನಂಬಬೇಡಿ. ಮೊಬೈಲ್ ಡೇಟಾದಲ್ಲಿ ಎಷ್ಟೋ ಗ್ರಾಹಕರು ಒಂದೇ ಐಪಿಯ ಹಿಂದೆ ಇರುತ್ತಾರೆ. ದಾವಣಗೆರೆಯಲ್ಲಿ ಕೂತಿದ್ದಾಗ ನನ್ನ ಫೋನನ್ನೇ ಒಂದು ಸೈಟು ಚೆನ್ನೈ ಎಂದು ತೋರಿಸಿತ್ತು. ಚೆನ್ನೈ ಆದರೂ ಏನಂತೆ, ಅಲ್ಲಿ ಕನ್ನಡಿಗರಿಲ್ಲವೇ?

ಬ್ರೌಸರ್ ಕಳಿಸುವ ಅಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್, ಅಂದರೆ 'ನನಗೆ ಈ ಭಾಷೆ ಬೇಕು' ಎಂದು ಸೈಟಿಗೆ ಹೇಳುವ ಚೀಟಿ, ಇದಕ್ಕಿಂತ ವಾಸಿ. ಆದರೆ ನಮ್ಮಲ್ಲಿ ಫೋನಿನ ಭಾಷೆ ಆರಿಸಿದವನು ಎಷ್ಟೋ ಸಲ ಅಂಗಡಿಯ ಹುಡುಗ. ಅವನು ಇಂಗ್ಲಿಷ್ ಒತ್ತಿ ಕೊಟ್ಟಿದ್ದು ಹಾಗೇ ಉಳಿದಿರುತ್ತದೆ. ಹಾಗಾಗಿ ಅದನ್ನೂ ಸುಳಿವು ಅಂತಷ್ಟೇ ಇಟ್ಟುಕೊಳ್ಳಿ.

ಇನ್ನು ಗೂಗಲ್‌ಬಾಟ್, ಹುಡುಕಾಟದಲ್ಲಿ ತೋರಿಸಲು ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್ಲಿನ ಪ್ರೋಗ್ರಾಂ. ಅದು ಹೆಚ್ಚಾಗಿ ಅಮೆರಿಕದ ಐಪಿಯಿಂದ ಬರುತ್ತದೆ, ಆ ಹೆಡರನ್ನೂ ಕಳಿಸುವುದಿಲ್ಲ. ಐಪಿ ನೋಡಿ ಎಲ್ಲರನ್ನೂ ಒಂದೊಂದು ಭಾಷೆಯ ಪುಟಕ್ಕೆ ತಳ್ಳಿದರೆ ನಿಮ್ಮ ಕನ್ನಡ ಪುಟ ಅದರ ಕಣ್ಣಿಗೆ ಬೀಳದೆಯೇ ಹೋಗಬಹುದು. ಭಾಷೆಗೊಂದು ಯುಆರ್‌ಎಲ್ (ವೆಬ್ ವಿಳಾಸ) ಇಟ್ಟು, ಯಾವ ಪುಟ ಯಾವ ಭಾಷೆಯದು ಎಂದು ಗೂಗಲ್ಲಿಗೆ ಹೇಳುವ ಹ್ರೆಫ್‌ಲ್ಯಾಂಗ್ ಗುರುತು ಬರೆಯಿರಿ. ಅದರಲ್ಲಿ ಮೊದಲು ಭಾಷೆಯ ಕೋಡು, ಬೇಕಾದರೆ ಆಮೇಲೆ ದೇಶದ್ದು. ಕೋಡು ನೋಡಿಕೊಂಡು ಬರೆಯಿರಿ, ಅಷ್ಟೇ. ನಮ್ಮ ಹುಡುಗನೊಬ್ಬ ಕರ್ನಾಟಕದ ಇಂಗ್ಲಿಷ್ ಓದುಗರಿಗೆಂದು 'ಇಎನ್-ಕೆಎನ್' ಹಾಕಿದ್ದ. ಭಾಷೆಯ ಜಾಗದಲ್ಲಿ ಕೆಎನ್ ಎಂದರೆ ಕನ್ನಡ ನಿಜ. ದೇಶದ ಜಾಗದಲ್ಲಿ ಅದು ಕೆರಿಬಿಯನ್‌ನ ಸೇಂಟ್ ಕಿಟ್ಸ್ ಮತ್ತು ನೇವಿಸ್. ಅಲ್ಲಿಂದ ಆರ್ಡರು ಇನ್ನೂ ಬಂದಿಲ್ಲ.

ಐಪಿ ನೋಡಿ ರೂಪಾಯಿಯೋ ಡಾಲರೋ ಎಂದು ಊಹಿಸಿ, ಬೇಡ ಅನ್ನಲ್ಲ. ಭಾಷೆಗೆ ಮಾತ್ರ ಪುಟದ ಮೇಲ್ಗಡೆ 'ಕನ್ನಡ' ಎಂದು ಕನ್ನಡದಲ್ಲೇ ಬರೆದ ಬಟನ್ ಇರಲಿ. ಬಾವುಟದ ಚಿತ್ರ ಬೇಡ, ಯಾವ ಬಾವುಟ ಹಾಕುತ್ತೀರಿ? ಒಮ್ಮೆ ಒತ್ತಿದ್ದನ್ನು ಕುಕಿಯಲ್ಲಿ (ಬ್ರೌಸರಿನಲ್ಲಿ ಸೈಟು ಇಡುವ ಪುಟ್ಟ ಟಿಪ್ಪಣಿ) ನೆನಪಿಟ್ಟುಕೊಂಡು, ಆಮೇಲೆ ನಿಮ್ಮ ಜಾಣತನ ತೋರಿಸಲು ಹೋಗಬೇಡಿ.

ಸೀರೆಯವರ ಸೈಟಿಗೆ ಈಗ ಬಟನ್ ಬಂದಿದೆ. ಅತ್ತೆ ಎರಡು ಇಳಕಲ್ ಸೀರೆ ತರಿಸಿಕೊಂಡರಂತೆ. ಕೊರಿಯರ್ ಚಾರ್ಜ್ ಹಾಕಿದ್ದಕ್ಕೆ ಮತ್ತೆ ಮುನಿಸು. ಅದು ನನ್ನ ಕೆಲಸವಲ್ಲ.