ಸ್ಟೇಬಲ್ ಅಂದರೆ ಗಟ್ಟಿ ಅಂತ ಯಾರು ಹೇಳಿದ್ದು?

ಗೋಣಿಕೊಪ್ಪದಲ್ಲಿರುವ ನನ್ನ ಸೋದರಳಿಯ ತೋಟದ ಮಳೆ ಲೆಕ್ಕ ಇಡೋಕೆ ಜಿಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದಿದ್ದಾನೆ. ಇಡೀ ಮಳೆಗಾಲ ಒಂದು ಸಲವೂ ಕೈಕೊಡದೆ ಇಂಚು ಇಂಚು ಬರೆದಿಟ್ಟಿತು. ಆಮೇಲೆ ಕಂಪೈಲರನ್ನು, ಅಂದರೆ ಬರೆದದ್ದನ್ನು ಕಂಪ್ಯೂಟರ್ ನಡೆಸುವ ರೂಪಕ್ಕೆ ತರುವ ತಂತ್ರಾಂಶವನ್ನು, 0.14ನೇ ಆವೃತ್ತಿಯಿಂದ 0.15ಕ್ಕೆ ಏರಿಸಿದ. ಫೈಲ್ ಓದುವ, ಬರೆಯುವ ಸಾಲುಗಳೆಲ್ಲ ಎರರ್. "ಮಾವ, ಈ ಭಾಷೆ ಸ್ಟೇಬಲ್ ಅಲ್ಲ, ಕ್ರ್ಯಾಶ್ ಆಗ್ತದೆ" ಅಂದ. ಮೊದಲ ಮಾತು ಸರಿ, ಎರಡನೆಯದು ಸುಳ್ಳು. ಕ್ರ್ಯಾಶ್ ಅಂದರೆ ಓಡುತ್ತಿರುವಾಗ ಕುಸಿಯೋದು; ಇಲ್ಲಿ ಓಡೋಕೆ ಶುರುವೇ ಆಗಿಲ್ಲ, ಕ್ರ್ಯಾಶ್ ಎಲ್ಲಾಯಿತು ಮಾರಾಯ?

ತಪ್ಪು ಅವನದಲ್ಲ, ಮನೆಯ ಸ್ಟೆಬಿಲೈಜರಿನದು ಅಂತ ನನ್ನ ಗುಮಾನಿ. ಮಳೆಗಾಲದಲ್ಲಿ ವೋಲ್ಟೇಜ್ ಕುಣಿಯುತ್ತದೆ, ಅದು ಫ್ರಿಜ್ ಕಾಪಾಡುತ್ತದೆ. ಹಾಗಾಗಿ ಸ್ಟೇಬಲ್ ಅಂದರೆ 'ಕೆಡೋದಿಲ್ಲ' ಅಂತ ತಲೆಯಲ್ಲಿ ಕೂತಿದೆ.

ಪದದ ಬೇರು ನೋಡಿ. ಲ್ಯಾಟಿನ್‌ನಲ್ಲಿ 'ಸ್ಟಾರೆ' ಅಂದರೆ ನಿಲ್ಲು. ಅದರಿಂದ ಸ್ಟೇಬಲ್ ಬಂತು. ಕುದುರೆ ಲಾಯಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು, ಕುದುರೆ ನಿಲ್ಲುವ ಜಾಗ ಅಲ್ವಾ. ಸಂಸ್ಕೃತದ 'ಸ್ಥಾ' ಧಾತು ಇದರ ದಾಯಾದಿ: ಸ್ಥಾನ, ಸ್ಥಿರ ಎರಡೂ ಅದರ ಮಕ್ಕಳು. ಈಗ 'ಸ್ಥಿರಾಸ್ತಿ' ಅನ್ನಿ. ಮಡಿಕೇರಿಯ ಮನೆ ಜುಲೈಯಲ್ಲಿ ನಾಲ್ಕು ಕಡೆ ಸೋರಿದರೂ ಅದು ಸ್ಥಿರಾಸ್ತಿಯೇ. ಸೋರುವುದಕ್ಕೂ ಸ್ಥಿರಕ್ಕೂ ಸಂಬಂಧವೇ ಇಲ್ಲ. ಪ್ರೋಗ್ರಾಮಿಂಗ್ ಭಾಷೆಯ ಸ್ಟೇಬಲ್ ಕೂಡ ಇದೇ: ಬಗ್, ಅಂದರೆ ದೋಷ, ಇಲ್ಲ ಅಂತಲ್ಲ, ಇವತ್ತು ಕಂಪೈಲ್ ಆದದ್ದು ನಾಳೆಯ ಕಂಪೈಲರಿನಲ್ಲೂ ಆಗುತ್ತದೆ ಅಂತ ಕೊಟ್ಟ ಮಾತು.

ಜಿಗ್ ಆ ಮಾತು ಕೊಟ್ಟಿಲ್ಲ. ಆಂಡ್ರೂ ಕೆಲಿ 2015ರಲ್ಲಿ ಶುರು ಮಾಡಿದ ಭಾಷೆ, 2025ರಲ್ಲೂ 0.15. ಆ ಮಾತು ಸಾಮಾನ್ಯವಾಗಿ ಬರೋದು 1.0 ಆವೃತ್ತಿಯ ಜೊತೆಗೆ. ಆದರೂ ಟೈಗರ್‌ಬೀಟಲ್ ಅನ್ನುವ ಡೇಟಾಬೇಸ್ ಅದರಲ್ಲೇ ಬರೆದದ್ದು. ಅದೂ ಹಣದ ಲೆಕ್ಕ ಇಡುವ ಡೇಟಾಬೇಸ್! ಗಟ್ಟಿತನಕ್ಕೆ 1.0 ಬೇಕಿಲ್ಲ.

ರಸ್ಟ್ ಅನ್ನುವ ಇನ್ನೊಂದು ಭಾಷೆ ಮಾತು ಕೊಟ್ಟಿದ್ದು 2015ರ ಮೇ 15ರಂದು, 1.0 ಜೊತೆಗೆ. ಅದಕ್ಕೆ ಮೊದಲು ಅಲ್ಲೂ ಮನಸೋಇಚ್ಛೆ ಕತ್ತರಿ ಆಡಿದೆ. ಹಲವು ಕೆಲಸ ಒಟ್ಟಿಗೆ ನಡೆಸೋಕೆ ಗ್ರೀನ್ ಥ್ರೆಡ್ ಅನ್ನುವ ಏರ್ಪಾಡು ಇತ್ತು, ಕಿತ್ತರು. ಮೆಮೊರಿಯ ಜಾಗ ತೋರಿಸುವ ಪಾಯಿಂಟರಿಗೆ ~ ಮತ್ತು @ ಗುರುತು ಇತ್ತು, ಅದನ್ನೂ ಕಿತ್ತರು. ಎಳೆ ಭಾಷೆ ಬಳಸುವವರಿಗೆ ಇರುವ ಸುಖವೇ ಇದು: ಇದು ಸರಿಯಿಲ್ಲ ಅಂತ ಜಗಳ ಆಡಿದರೆ ಭಾಷೆಯೇ ಬದಲಾಗಬಹುದು.

ಮಾತು ಕೊಟ್ಟ ಮೇಲೆ ತಪ್ಪೂ ಸ್ಥಿರ. ರಸ್ಟ್‌ನಲ್ಲಿ ಸಾಲಿನ ಆರಂಭದ ಖಾಲಿ ಜಾಗ ತೆಗೆಯುವ ಫಂಕ್ಷನ್ನಿಗೆ ಟ್ರಿಮ್_ಲೆಫ್ಟ್ ಅಂತ ಹೆಸರಿಟ್ಟರು. ಅರೇಬಿಕ್ ಬಲದಿಂದ ಶುರುವಾಗುತ್ತದೆ, ಅಲ್ಲಿ ಎಡ ಅಂದರೆ ಸಾಲಿನ ಕೊನೆ. ಹೆಸರು ತಪ್ಪು ಅಂತ ಟ್ರಿಮ್_ಸ್ಟಾರ್ಟ್ ತಂದರು. ಹಳೆಯದನ್ನು ಅಳಿಸಲಿಲ್ಲ. ಇದನ್ನು ಬಳಸಬೇಡಿ ಅಂತ ಬೋರ್ಡು ಹಾಕಿಕೊಂಡು ಅದಿನ್ನೂ ಅಲ್ಲೇ ಕೂತಿದೆ.

ಅಳಿಯ ಸದ್ಯ 0.14ಕ್ಕೇ ವಾಪಸ್ ಹೋಗಿದ್ದಾನೆ. ಮಳೆ ಲೆಕ್ಕ ಸರಿಯಾಗೇ ಬರ್ತಿದೆಯಂತೆ.