ಮಾನಿಟರ್ ಕೊಳ್ಳುವ ಮೊದಲು ಕೋಣೆ ಅಳೆಯಿರಿ

ಗೋಕಾಕ, ಮುಧೋಳ, ಜಮಖಂಡಿ, ಇಂಡಿ ಕಡೆ ಈಗ ಎಷ್ಟೋ ಜಾನಪದ ಹಾಡುಗಳು ಮನೆಯ ಒಂದು ಕೋಣೆಯಲ್ಲೇ ತಯಾರಾಗುತ್ತವೆ. ಒಂದು ಕಂಪ್ಯೂಟರ್, ಒಂದು ಕೀಬೋರ್ಡ್, ಒಂದು ಮೈಕು ಇದ್ದರೆ ಸ್ಟುಡಿಯೋ ಆಯಿತು. ಹಾಡು ಯೂಟ್ಯೂಬ್‌ಗೆ ಏರುತ್ತದೆ. ಆಮೇಲೆ ಅದನ್ನೇ ಟ್ರ್ಯಾಕ್ಟರ್ ಮೇಲೆ, ಜಾತ್ರೆಯಲ್ಲಿ, ಮೆರವಣಿಗೆಯ ಡಾಲ್ಬಿಯಲ್ಲಿ (ದೊಡ್ಡ ಸ್ಪೀಕರ್ ಸಾಲಿಗೆ ನಮ್ಮ ಕಡೆ ಹಾಗೆನ್ನುತ್ತಾರೆ) ಹಚ್ಚುತ್ತಾರೆ. ಬೇಸ್ ಎದೆ ನಡುಗಿಸುತ್ತದೆ, ಪದ ಮಾತ್ರ ಒಂದೂ ತಿಳಿಯುವುದಿಲ್ಲ. ಡಾಲ್ಬಿಯವರನ್ನು ಬೈಯುವುದು ಸುಲಭ. ಆದರೆ ತಪ್ಪು ಬಹಳ ಸಲ ಹಾಡು ಮಿಕ್ಸ್ ಆದ, ಅಂದರೆ ದನಿ, ವಾದ್ಯಗಳ ಪ್ರಮಾಣ ಹೊಂದಿಸಿದ ಕೋಣೆಯಲ್ಲೇ ಆಗಿರುತ್ತದೆ.

ಈ ಕೆಲಸ ಶುರು ಮಾಡುವ ಹುಡುಗರು ಮೊದಲು ಕೇಳುವುದು, "ಅಣ್ಣಾ, ಯಾವ ಮಾನಿಟರ್ ತಗೊಳ್ಳಲಿ? ಐದು ಇಂಚಿನದೋ, ಎಂಟು ಇಂಚಿನದೋ?" ನಾನು ತಿರುಗಿ ಕೇಳುವುದು, "ನಿನ್ನ ಕೋಣೆ ಎಷ್ಟು ಅಡಿ ಇದೆ?"

ಮಾನಿಟರ್ ಅಂದರೆ ಏನು ಎನ್ನುವುದನ್ನು ಮೊದಲು ಮುಗಿಸಿಬಿಡೋಣ. ಇಲ್ಲಿ ಅದು ಕಂಪ್ಯೂಟರ್ ಪರದೆ ಅಲ್ಲ, ಮಿಕ್ಸ್ ಮಾಡುವವನು ಹಾಡು ಇದ್ದದ್ದು ಇದ್ದಂತೆ ಕೇಳಲು ಇಟ್ಟುಕೊಳ್ಳುವ ಸ್ಪೀಕರ್. ಇಂಚು ಎಂದರೆ ಅದರ ವೂಫರಿನ, ಅಂದರೆ ಮಂದ್ರ ನುಡಿಸುವ ದೊಡ್ಡ ಕೋನಿನ ಅಗಲ. ಸಾಮಾನ್ಯ ಸ್ಪೀಕರ್‌ಗೆ ಹೊರಗಿನ ಆಂಪ್ಲಿಫೈಯರ್ ಶಕ್ತಿ ತುಂಬಿದ ಸಿಗ್ನಲ್ ಕಳಿಸುತ್ತದೆ. ಡಬ್ಬಿಯೊಳಗಿನ ತಂತಿ ಸುರುಳಿ, ಕೆಪಾಸಿಟರ್‌ಗಳು ಅದನ್ನು ಎರಡು ಪಾಲು ಮಾಡಿ ಮಂದ್ರವನ್ನು ವೂಫರ್‌ಗೆ, ತಾರವನ್ನು ಟ್ವೀಟರ್‌ಗೆ ಕೊಡುತ್ತವೆ. ಆಕ್ಟಿವ್ ಮಾನಿಟರ್‌ನಲ್ಲಿ ಇದು ತಿರುವುಮುರುವು. ಸಣ್ಣ ಸಿಗ್ನಲ್ ಇರುವಾಗಲೇ ಪಾಲು ಆಗುತ್ತದೆ, ನಂತರ ವೂಫರ್‌ಗೆ ಒಂದು, ಟ್ವೀಟರ್‌ಗೆ ಒಂದು ಅಂತ ಬೇರೆ ಬೇರೆ ಆಂಪ್ಲಿಫೈಯರ್. ಯಾವ ಆಂಪ್ಲಿಫೈಯರ್ ಯಾವ ವೂಫರ್‌ಗೆ ಎಂದು ಮೊದಲೇ ಗೊತ್ತಿರುವುದರಿಂದ ಎಂಜಿನಿಯರ್ ಎರಡನ್ನೂ ಒಂದಕ್ಕೊಂದು ಹೊಂದಿಸಿ ಇಟ್ಟಿರುತ್ತಾನೆ. ಒಂದು ಎಚ್ಚರ ಬೇಕು. ಅಗ್ಗದ ಕೆಲವು ಜೋಡಿಗಳಲ್ಲಿ ಆಂಪ್ಲಿಫೈಯರ್ ಒಂದೇ ಡಬ್ಬಿಯಲ್ಲಿರುತ್ತದೆ, ಇನ್ನೊಂದಕ್ಕೆ ಬರೀ ವೈರ್ ಹೋಗುತ್ತದೆ, ಪಾಲು ಮಾಡುವ ಕೆಲಸ ಹಳೇ ರೀತಿಯಲ್ಲೇ ನಡೆಯುತ್ತದೆ. ಅದೂ ಪವರ್ಡ್ ಸ್ಪೀಕರೇ, ಆದರೆ ಈ ಲಾಭ ಅದರಲ್ಲಿಲ್ಲ.

1978 ಈ ಕಥೆಯಲ್ಲಿ ಮುಖ್ಯ ವರ್ಷ. ಫಿನ್ಲೆಂಡಿನಲ್ಲಿ ಜೆನೆಲೆಕ್ ಕಂಪನಿ ಶುರುವಾಗಿ ಆಕ್ಟಿವ್ ಮಾನಿಟರ್ ಮಾಡತೊಡಗಿತು. ಅದೇ ವರ್ಷ ಯಮಹಾ ಎನ್‌ಎಸ್-10 ಎಂಬ ಪುಟ್ಟ ಸ್ಪೀಕರ್ ಬಿಟ್ಟಿತು, ಮನೆಯಲ್ಲಿ ಹಾಡು ಕೇಳುವವರಿಗಾಗಿ. ಮನೆಯವರು ಅದನ್ನು ಮೆಚ್ಚಲಿಲ್ಲ. ಸ್ಟುಡಿಯೋದವರು ಎತ್ತಿಕೊಂಡು ಹೋಗಿ ಮಿಕ್ಸಿಂಗ್ ಮೇಜಿನ ಮೇಲಿಟ್ಟರು. ಅದರ ಸ್ವರ ಸಿಹಿಯಾಗಿರಲಿಲ್ಲ, ಮಧ್ಯ ಸ್ವರಗಳು ಎದ್ದು ಬರುತ್ತಿದ್ದವು. ಆದರೆ ಅದು ಮುಚ್ಚಿದ ಡಬ್ಬಿ, ಗಾಳಿಗೆ ತೂತು ಇರಲಿಲ್ಲ. ಡ್ರಮ್ಮಿನ ಪೆಟ್ಟು ಬಿದ್ದು ನಿಂತರೆ ಸ್ಪೀಕರೂ ಬೇಗ ನಿಲ್ಲುತ್ತಿತ್ತು. ಮಿಕ್ಸ್ ಮಾಡುವವನಿಗೆ ಆ ಗುಣ ದೊಡ್ಡದು. 2001ರಲ್ಲಿ ಯಮಹಾ ಅದನ್ನು ನಿಲ್ಲಿಸಿತು. ಬಿಳಿ ವೂಫರ್ ಮಾತ್ರ ಈಗಿನ ಎಚ್‌ಎಸ್ ಸಾಲಿನಲ್ಲಿ ಉಳಿದಿದೆ.

ಇದರಿಂದ ಹುಟ್ಟಿದ ಒಂದು ನಂಬಿಕೆ ಇನ್ನೂ ಹೋಗಿಲ್ಲ. ಮಾನಿಟರ್ ಅಂದರೆ ಒಣ ಒಣ, ಮನೆಯಲ್ಲಿ ಸುಮ್ನೆ ಹಾಡು ಕೇಳಲು ಆಗಿಬರುವುದಿಲ್ಲ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಸ್ಪೀಕರ್‌ಗಳನ್ನು ಪರದೆ ಹಿಂದೆ ಇಟ್ಟು, ಯಾವುದು ಎಂದು ಹೇಳದೆ, ಜನರಿಂದ ಅಂಕ ಕೊಡಿಸಿದರು. ಜನ ಹೆಚ್ಚು ಅಂಕ ಕೊಟ್ಟದ್ದು ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಸುವ ಸ್ಪೀಕರ್‌ಗೇ. ಪರದೆ ತೆಗೆದರೆ ಅಂಕ ಬದಲಾಗುತ್ತದೆ ಎನ್ನುವುದನ್ನು 1994ರಲ್ಲಿ ಷಾನ್ ಆಲಿವ್ ಎಂಬ ಇನ್ನೊಬ್ಬ ಸಂಶೋಧಕರ ಜೊತೆ ಸೇರಿ ತೋರಿಸಿದರು. ಡಬ್ಬಿಯ ಗಾತ್ರ, ಹೆಸರು, ಬೆಲೆ ಕಂಡ ಕೂಡಲೇ ಕಿವಿಯ ಜಾಗದಲ್ಲಿ ಕಣ್ಣು ಕೇಳತೊಡಗುತ್ತದೆ, ಅಲ್ವಾ. ಹಾಗಾಗಿ ಒಳ್ಳೆಯ ಮಾನಿಟರ್ ಮನೆಗೂ ಒಳ್ಳೆಯದೇ. ಒಂದೆರಡು ಕಿರಿಕಿರಿ ಇರಬಹುದು. ಅಗ್ಗದ ಮಾನಿಟರ್ ಹಾಡು ನಿಂತಾಗ ಸಣ್ಣಗೆ 'ಸ್‌ಸ್' ಎನ್ನುತ್ತದೆ. ಕೆಲವು ರಾತ್ರಿ ಮೆಲ್ಲಗೆ ಕೇಳುವಾಗ ಹಾಡು ಮುಗಿಯಿತು ಅಂದುಕೊಂಡು ತಾವೇ ಆಫ್ ಆಗುತ್ತವೆ. ಅಂಗಡಿಯಲ್ಲಿ ಈ ಎರಡನ್ನೂ ನೋಡಿಯೇ ಬನ್ನಿ.

ಡಬ್ಬಿ ಮೇಲಿನ ಅಂಕಿಗಳನ್ನು ಓದುವುದೂ ಒಂದು ವಿದ್ಯೆ. ಯಮಹಾ ಎಚ್‌ಎಸ್5 ತಗೊಳ್ಳಿ. 54 ಹರ್ಟ್ಜ್‌ನಿಂದ 30 ಕಿಲೋಹರ್ಟ್ಜ್ ಎಂದು ಕಂಪನಿ ಹೇಳುತ್ತದೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅಂಕಿ ಚಿಕ್ಕದಾದಷ್ಟೂ ಸ್ವರ ಮಂದ್ರ. ಕಂಪನಿಯ ಆ ಅಂಕಿ, ಸದ್ದು 10 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಕುಸಿಯುವವರೆಗೂ ಲೆಕ್ಕ ಹಿಡಿದು. 10 ಡೆಸಿಬೆಲ್ ಕುಸಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಕೇಳುತ್ತದೆ. 3 ಡೆಸಿಬೆಲ್ ಲೆಕ್ಕದಲ್ಲಿ ಅದೇ ಸ್ಪೀಕರ್ 74 ಹರ್ಟ್ಜ್‌ಗೆ ನಿಲ್ಲುತ್ತದೆ. ಈ ಕಂಪನಿ ಎರಡನ್ನೂ ಪ್ರಾಮಾಣಿಕವಾಗಿ ಬರೆದಿದೆ, ಎಲ್ಲರೂ ಬರೆಯುವುದಿಲ್ಲ. ವ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 50 ವ್ಯಾಟ್ 100 ಆದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ನೀವು ಕೂರುವುದು ಸ್ಪೀಕರ್‌ನಿಂದ ಒಂದು ಮೀಟರ್ ದೂರದಲ್ಲಿ, ಊರ ಅಗಸಿಯಲ್ಲಲ್ಲ.

ಈಗ ಕೋಣೆಗೆ ಬರೋಣ. ನಿಜವಾದ ವಿಷಯ ಇಲ್ಲೇ ಇದೆ.

ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 70 ಹರ್ಟ್ಜ್‌ನ ಒಂದು ಅಲೆಯ ಉದ್ದ 4.9 ಮೀಟರ್, ಅಂದರೆ 16 ಅಡಿ. ಎದುರುಬದುರು ಗೋಡೆಗಳ ನಡುವೆ 8 ಅಡಿ ಇದ್ದರೆ ಆ ಅಲೆಯ ಸರಿಯಾಗಿ ಅರ್ಧ ಅಲ್ಲಿ ಹಿಡಿಸುತ್ತದೆ. ಹೋಗುವ ಅಲೆ, ಬಡಿದು ಬರುವ ಅಲೆ ಸೇರಿ ಅಲ್ಲೇ ನಿಂತುಬಿಡುತ್ತವೆ. ಗೋಡೆಯ ಹತ್ತಿರ ಆ ಸ್ವರ ಗುಂಯ್ ಎನ್ನುತ್ತದೆ. ಸರಿಯಾಗಿ ನಡುಮಧ್ಯದಲ್ಲಿ ಮಾಯವಾಗುತ್ತದೆ.

8 ಅಡಿಗೆ 12 ಅಡಿ ಕೋಣೆ ಅಂದುಕೊಳ್ಳಿ. ಉದ್ದ ಗೋಡೆಗೆ ಮೇಜು ಹಾಕಿದರೆ ಚೆಂದ ಕಾಣುತ್ತದೆ, ಹಾಗಾಗಿ ಎಲ್ಲರೂ ಅಲ್ಲೇ ಹಾಕುತ್ತಾರೆ. ಕುರ್ಚಿ ಎಳೆದುಕೊಂಡು ಕೂತರೆ ತಲೆ ಗೋಡೆಯಿಂದ 4 ಅಡಿಗೆ ಬರುತ್ತದೆ, ಎಂದರೆ ಎರಡು ಗೋಡೆಗಳ ನಟ್ಟನಡುವೆ. ಹಾಡು ಕಾಳಿ ಒಂದರಲ್ಲಿದೆ ಎನ್ನಿ, ಅಂದರೆ ಅದರ ಷಡ್ಜ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಕೀಬೋರ್ಡಿನ ಬೇಸ್ ನುಡಿಸುವ ಕೆಳಗಿನ ಷಡ್ಜ 69 ಹರ್ಟ್ಜ್, ನಡುಮಧ್ಯದಲ್ಲಿ ಮಾಯವಾಗುವ 70ರ ಪಕ್ಕದ್ದೇ. ಇಡೀ ಹಾಡು ನಿಂತಿರುವ ಷಡ್ಜವೇ ಮಿಕ್ಸ್ ಮಾಡುವವನಿಗೆ ಕೇಳುವುದಿಲ್ಲ! ಅವನು ಬೇಸ್ ಏರಿಸುತ್ತಾನೆ. ಇನ್ನೂ ಸಾಲದು ಅಂತ ಮತ್ತೆ ಏರಿಸುತ್ತಾನೆ. ಆ ಹಾಡು ಬಯಲಿಗೆ, ಡಾಲ್ಬಿಗೆ ಹೋದಾಗ ಏರಿಸಿದ್ದೆಲ್ಲ ಒಟ್ಟಿಗೆ ಹೊರಬರುತ್ತದೆ. ಎಂಟು ಇಂಚಿನ ಮಾನಿಟರ್ ತಂದರೂ ಆ ಜಾಗದ ಕೊರತೆ ತುಂಬುವುದಿಲ್ಲ. ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಜರ್ ಕೂಡ ಅಷ್ಟೇ. ಹೋಗುವ ಅಲೆ ಎಷ್ಟು ಬಲವಾಗುತ್ತದೋ ಅದನ್ನು ಅಳಿಸುವ ಅಲೆಯೂ ಅಷ್ಟೇ ಬಲವಾಗುತ್ತದೆ. ಮೇಜನ್ನು ಸಣ್ಣ ಗೋಡೆಗೆ ತಿರುಗಿಸಿ, 12 ಅಡಿ ಉದ್ದಕ್ಕೆ ಮುಖ ಮಾಡಿ, ಎದುರು ಗೋಡೆಯಿಂದ ನಾಲ್ಕೂವರೆ ಅಡಿಯ ಆಸುಪಾಸಿನಲ್ಲಿ ಕೂತರೆ ಬಹಳಷ್ಟು ಸರಿಹೋಗುತ್ತದೆ. ಖರ್ಚು ಸೊನ್ನೆ. (ಬಿಸಿ ಗಾಳಿಯಲ್ಲಿ ಸದ್ದು ಜೋರಾಗಿ ಓಡುತ್ತದೆ. ಹೀಗಾಗಿ ವಿಜಯಪುರದ ಮೇ ತಿಂಗಳ 40 ಡಿಗ್ರಿಯಲ್ಲಿ ಅದೇ ಕೋಣೆಯ ಗುಂಯ್‌ ಸ್ವರ, ಚಳಿಗಾಲದ ಬೆಳಗಿಗಿಂತ ಸುಮಾರು 3 ಹರ್ಟ್ಜ್ ಮೇಲಿರುತ್ತದೆ.)

ಚೌಕ ಕೋಣೆ ಇನ್ನೂ ಕಷ್ಟ. 10 ಅಡಿ ಉದ್ದ, 10 ಅಡಿ ಅಗಲ, ತಾರಸಿಯೂ 10 ಅಡಿ ಎತ್ತರ ಇದ್ದರೆ ಮೂರೂ ದಿಕ್ಕಿನಲ್ಲಿ 56 ಹರ್ಟ್ಜ್ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಅಂಥ ಕಡೆ ದೊಡ್ಡ ವೂಫರ್ ಇಟ್ಟರೆ ಮೂಲೆಯ ತಿಜೋರಿಯ ಬಾಗಿಲು ಗಡಗಡ ಎನ್ನುತ್ತದೆ, ಅಷ್ಟೇ ಲಾಭ. ಇಷ್ಟು ಸಣ್ಣ ಕೋಣೆಗೆ ನನ್ನ ಉತ್ತರ ಐದು ಇಂಚು. ಅದು ಇಳಿಯದ ಆಳದ ಸ್ವರಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ನೋಡಿಕೊಳ್ಳಿ.

ಮಂದ್ರದ ಕಥೆ ಇದು. ಮೇಲಿನ ಸ್ವರಗಳಿಗೆ ಗೋಳಗುಮ್ಮಟ ನೆನಪಿಸಿಕೊಳ್ಳಬೇಕು. ಮಹಮ್ಮದ್ ಆದಿಲ್‌ಶಾಹನ ಈ ಸಮಾಧಿ 1656ರಲ್ಲಿ ಮುಗಿಯಿತು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಒಂದು ಚಪ್ಪಾಳೆ ಎದುರಿನ ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು. ಅಷ್ಟು ತಡವಾದರೆ ಕಿವಿ ಅದನ್ನು ಬೇರೆಯೇ ಸದ್ದು ಎಂದು ಹಿಡಿಯುತ್ತದೆ, ಎಣಿಸಲೂಬಹುದು. ನಮ್ಮ ಕೋಣೆಯಲ್ಲೂ ಪ್ರತಿಧ್ವನಿ ಇದೆ. ಮೇಜಿನಿಂದ, ಪಕ್ಕದ ಗೋಡೆಯಿಂದ ಸದ್ದು ಕೆಲವೇ ಮಿಲಿಸೆಕೆಂಡಿನಲ್ಲಿ ಬಂದುಬಿಡುತ್ತದೆ. ಸುಮಾರು 30 ಮಿಲಿಸೆಕೆಂಡಿನ ಒಳಗೆ ಬಂದದ್ದನ್ನು ಕಿವಿ ಮೂಲ ಸದ್ದಿಗೇ ಸೇರಿಸಿಬಿಡುತ್ತದೆ. ಇದನ್ನು ಅಳೆದು ತೋರಿಸಿದವರು ಜರ್ಮನಿಯ ಹೆಲ್ಮುಟ್ ಹಾಸ್, 1940ರ ದಶಕದ ಕೊನೆಗೆ. ಸೇರಿದಾಗ ಕೆಲವು ಸ್ವರ ಉಬ್ಬುತ್ತವೆ, ಕೆಲವು ಕರಗುತ್ತವೆ. ಹಾರ್ಮೋನಿಯಂ ಮೂಗಿನಲ್ಲಿ ಹಾಡಿದಂತೆ ಕೇಳುತ್ತದೆ. ಗುಮ್ಮಟ ತನ್ನ ಪ್ರತಿಧ್ವನಿಯನ್ನು ಬಿಚ್ಚಿ ತೋರಿಸುತ್ತದೆ, ಕೋಣೆ ಬಚ್ಚಿಡುತ್ತದೆ. ನಾವು ಸ್ಪೀಕರ್ ಸರಿಯಿಲ್ಲ ಅನ್ನುತ್ತೇವೆ.

ನಮ್ಮ ಮನೆಗಳಲ್ಲಿ ನೆಲಕ್ಕೆ ಫರಸಿ ಇಲ್ಲವೇ ಟೈಲ್ಸ್, ಗೋಡೆಗೆ ಗಟ್ಟಿ ಸಿಮೆಂಟ್. ಏನೂ ಹೀರುವುದಿಲ್ಲ. ಹಾಗಂತ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸುವುದು ದಂಡ. ಕೌದಿ ನೇತುಹಾಕಿದರೆ ಟ್ರೇಗಿಂತ ಮೇಲು, ಗೋಡೆಗೆ ಒಂದು ಗೇಣು ಬಿಟ್ಟು ಹಾಕಿದರೆ ಇನ್ನೂ ಮೇಲು. ಆದರೆ ಕೌದಿ ಹೀರುವುದು ಮೇಲಿನ ಚುರುಕು ಸ್ವರಗಳನ್ನು ಮಾತ್ರ. 100 ಹರ್ಟ್ಜ್ ಅಲೆಯ ಕಾಲು ಭಾಗವೇ 86 ಸೆಂಟಿಮೀಟರ್. ತೆಳು ಬಟ್ಟೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸುತ್ತಲೂ ಕೌದಿ ಹೊದಿಸಿದರೆ ಮೇಲಿನ ಸ್ವರ ಸತ್ತು ಗುಂಯ್‌ಗುಡುವ ಬೇಸ್ ಮಾತ್ರ ಉಳಿಯುತ್ತದೆ. ಎರಡು ಪಕ್ಕದ ಗೋಡೆಗೆ ಒಂದೊಂದು ಕೌದಿ ಸಾಕು. ಮೂಲೆಗಳಲ್ಲಿ ಹಳೇ ಹತ್ತಿ ಗಾದಿಗಳನ್ನು ಸುತ್ತಿ ನಿಲ್ಲಿಸಿ. ಬೇಸ್ ಸೇರುವುದು ಮೂಲೆಯಲ್ಲೇ.

ಸ್ಪೀಕರನ್ನು ಹಿಂದಿನ ಗೋಡೆಯಿಂದ ದೂರ ಇಡಿ ಎಂದು ಎಲ್ಲರೂ ಹೇಳುತ್ತಾರೆ. ಸಣ್ಣ ಕೋಣೆಯಲ್ಲಿ ಅದು ಅರ್ಧ ಸತ್ಯ. ವೂಫರ್ ಗೋಡೆಯಿಂದ 1 ಮೀಟರ್ ಮುಂದಿದ್ದರೆ ಗೋಡೆಗೆ ಬಡಿದ ಅಲೆ ವಾಪಸ್ ಬಂದು 86 ಹರ್ಟ್ಜ್ ಸುತ್ತಮುತ್ತ ಗುಂಡಿ ತೋಡುತ್ತದೆ. ಡೊಳ್ಳಿನ, ಕಿಕ್ ಡ್ರಮ್ಮಿನ ಜೀವ ಇರುವುದು ಅಲ್ಲೇ. ಅದಕ್ಕಿಂತ ಗೋಡೆಗೆ ಹತ್ತಿರ ಇಡಿ, ಹಿಂದಿನ ಗಾಳಿತೂತಿಗೆ ಮತ್ತು ಆಂಪ್ಲಿಫೈಯರ್ ಬಿಸಿ ಹೋಗಲು ಒಂದು ಗೇಣು ಬಿಟ್ಟು. ಗೋಡೆಯಿಂದ ಹೆಚ್ಚುವ ಬೇಸನ್ನು ಮಾನಿಟರ್ ಹಿಂದಿನ 'ರೂಮ್ ಕಂಟ್ರೋಲ್' ಸ್ವಿಚ್ಚಿನಿಂದ 2 ಅಥವಾ 4 ಡೆಸಿಬೆಲ್ ಇಳಿಸಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸಮ ದೂರದಲ್ಲಿರಲಿ.

ಸೌಂಡ್ ಎಷ್ಟು ಇಡಬೇಕು? 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ತೋರಿಸಿದ್ದರು, ಸದ್ದು ಕಡಿಮೆಯಾದಷ್ಟೂ ಕಿವಿಗೆ ಬೇಸ್ ಇನ್ನಷ್ಟು ಕಡಿಮೆ ಕೇಳುತ್ತದೆ. ಮನೆಯವರು ಮಲಗಿದ ಮೇಲೆ ಮೆಲ್ಲಗೆ ಮಿಕ್ಸ್ ಮಾಡಿದರೆ ಬೇಸ್ ಮತ್ತೆ ಏರುತ್ತದೆ. ಮಾತಾಡಿದರೆ ಕೇಳುವಷ್ಟು ಒಂದು ಹದ ಹಿಡಿದು ನಾಬ್‌ಗೆ ಗುರುತು ಹಾಕಿ.

ಉಳಿದದ್ದು ಕರೆಂಟ್. ಮಾನಿಟರ್‌ನಿಂದ 'ಹಮ್' ಬರುತ್ತಿದ್ದರೆ ಕಂಪ್ಯೂಟರ್ ಮತ್ತು ಮಾನಿಟರ್ ಬೇರೆ ಬೇರೆ ಪ್ಲಗ್ಗಿನಿಂದ ಅರ್ಥ್ ಆಗಿ, ಅರ್ಥ್ ತಂತಿಗಳ ನಡುವೆ ಕರೆಂಟ್ ಹರಿಯುವ ಒಂದು ಸುತ್ತು ಬಿದ್ದಿರಬಹುದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಹೊರಗಿನ ಗದ್ದಲ ಸಿಗ್ನಲ್ಲಿಗೆ ಸೇರದಂತೆ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಅರ್ಥ್ ಪಿನ್ ಕತ್ತರಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಜೀವಕ್ಕೆ ಅಪಾಯ. ಇನ್ವರ್ಟರ್ ಇದ್ದರೆ ಪ್ಯೂರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಮಾನಿಟರ್ ಜಿರ್ ಎನ್ನಬಹುದು. ಆನ್ ಮಾಡುವಾಗ ಮಾನಿಟರ್ ಕೊನೆಗೆ, ಆಫ್ ಮಾಡುವಾಗ ಮೊದಲಿಗೆ. ಕರೆಂಟ್ ಹೋದ ಕೂಡಲೇ ಎದ್ದು ಮಾನಿಟರ್ ಸ್ವಿಚ್ ತೆಗೆಯಿರಿ. ಇಲ್ಲದಿದ್ದರೆ ಕರೆಂಟ್ ತಿರುಗಿ ಬರುವಾಗ ಕಂಪ್ಯೂಟರ್, ಸೌಂಡ್ ಕಾರ್ಡ್ ಎಲ್ಲ ಒಟ್ಟಿಗೆ ಏಳುತ್ತವೆ, 'ಧಡ್' ಎಂಬ ಪೆಟ್ಟು ನೇರ ವೂಫರ್‌ಗೆ ಬೀಳುತ್ತದೆ.